ಕತ್ತೆಯ ಬೆನ್ನಿನ ನವಿಲುಗಳು

ಪರದೆಯ ಸಂದಿಯಿಂದ ಕೈ ಚಾಚಿ ಜರೀನಾಬಿ ಅವನ ಬೆರಳುಗಳ ನಡುವಿನಿಂದ ಫೋಟೋ ಕಸಿದುಕೊಂಡಳು.

"ಅರೇ ಅರೇ, ಹಸೀ ಕೈ ರೀ! ಬಣ್ಣ ಹತ್ತತೈತಿ!" ಎಂದು ಪಡಸಾಲೆಯಲ್ಲಿ ಕೂತವನು ಅರ್ಧ ಎದ್ದ.

ಹತ್ತಿಯೇ ಬಿಟ್ಟಿತ್ತು. ನೂಲನ್ನು ಕೆಂಪು ನೀರಿನಲ್ಲಿ ಅದ್ದಿ ಅದ್ದಿ ತೆಗೆಯುತ್ತಿದ್ದ ಕೈ ಅದು. ಹೆಬ್ಬೆರಳು ಫೋಟೋದ ಮೂಲೆಯಲ್ಲಿ ಮೂಡಿ ಕೂತಿತು. ಜರೀನಾಬಿಗೆ ಅದರ ಕಡೆ ಲಕ್ಷ್ಯವಿರಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಬಿಳಿ ಗೋಡೆಗೆ ತೂಗುಹಾಕಿದ ಒಂದು ಜಮಖಾನೆ. ನಡುವೆ ಪಗಡೆಯ ಹಾಸು. ಮೂಲೆಗೊಂದು ನವಿಲು, ಎಲ್ಲವೂ ಕುತ್ತಿಗೆ ಹೊರಳಿಸಿ ತಮ್ಮ ಬಾಲವನ್ನು ತಾವೇ ನೋಡಿಕೊಳ್ಳುವಂಥವು. ಕೆಳಗಡೆ, ನೇಯ್ಗೆ ಶುರುವಾಗುವಲ್ಲಿ, ಕರಿ ಉಣ್ಣೆಯ ಹುರಿ ಹೊಸೆದು ಕಟ್ಟಿದ ಅಂಚು. ಇನ್ನೆಂದೂ ಸಿಗಲಾರದು ಅಂದುಕೊಂಡಿದ್ದ ಮುಖವೊಂದು ಸಂತೆಯ ಗದ್ದಲದಲ್ಲಿ ಎದುರಿಗೆ ಬಂದು ನಿಂತ ಹಾಗಾಯಿತು.

"ಹೊಳ್ಳಿ ಕೊಡ ಬೇ ಅದನ್ನ," ಎಂದಳು ಆಚೆಯಿಂದ ತಾಯಿ ಖಾಸಿಂಬಿ. "ಮಂದಿ ಮುಂದ ಮಾನ ತಗೀಬ್ಯಾಡ."

ಕೊಟ್ಟಳು. ಆದರೆ ಬಣ್ಣದ ಬೋಗುಣಿಯ ಹತ್ತಿರ ಹೋಗಿ ಕೂಡಲು ಮನಸ್ಸಾಗಲಿಲ್ಲ. ಪರದೆಗೆ ಮುಖ ಹಚ್ಚಿ, ಒಂದು ಪಾದದಿಂದ ಇನ್ನೊಂದು ಪಾದ ತಿಕ್ಕುತ್ತ ನಿಂತಳು.

ಬಂದವನ ಹೆಸರು ಕುಬೇರಪ್ಪ. ಹೆಸರಷ್ಟೇ ಕುಬೇರ, ಆಸಾಮಿ ಬಡಕಲು, ಹೆಗಲಿಗೆ ಕ್ಯಾಮೆರಾ, ಚಪ್ಪಲಿಯ ತುಂಬ ನವಲಗುಂದದ ಎರೆಮಣ್ಣು. ಪಟ್ಟಣದ ಮ್ಯೂಸಿಯಂ ಒಂದರಲ್ಲಿ, ಗಾಜಿನ ಹಿಂದೆ ಇಟ್ಟ ಸಾಮಾನು ಎಲ್ಲಿ ಹುಟ್ಟಿತು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂದು ಹುಡುಕುವುದು ಅವನ ನೌಕರಿ. ಬೆಳಗಿನ ಬಸ್ಸಿಗೆ ಇಳಿದು, ಓಣಿಯ ಒಂದೊಂದೇ ಬಾಗಿಲಿಗೆ ಆ ಫೋಟೋ ತೋರಿಸುತ್ತ ಇಲ್ಲಿಗೆ ಮುಟ್ಟಿದ್ದ.

"ನೋಡ್ರಿ ಅಮ್ಮಾರ," ಎಂದ ಅವನು, ಫೋಟೋ ಒರೆಸುತ್ತ. "ಹುಬ್ಬಳ್ಳಿ ವ್ಯಾಪಾರಿ ಒಬ್ಬಾವ ಇದನ್ನ ನಮ್ಮಲ್ಲೆ ತಂದು ಕೊಟ್ಟ. ಎಪ್ಪತ್ತು ವರ್ಷಕ್ಕೇನ ಕಡಿಮಿ ಇರಲಿಕ್ಕಿಲ್ಲ ಅಂತ ನಮ್ಮ ಅಂದಾಜು. ಎಷ್ಟ ಸವದೈತಿ ನೋಡ್ರಿ. ಕೆಂಪು ಒಂದೊಂದು ಕಡೆ ಒಂದೊಂದು ನಮೂನಿ ಮಾಸೈತಿ. ಪಗಡಿ ಹಾಸು ವಿಜಾಪುರದ ದರಬಾರದಿಂದ ಬಂದಿರಬೇಕು. ನವಿಲು ಈ ಊರಿಂದು. ಅದು ಸರಿ. ಆದ್ರ ಈ ಕರೀ ಅಂಚು? ಇಡೀ ಓಣಿ ತಿರುಗಿ ಬಂದೆ, ಒಂದು ಜಮಖಾನ್ಯಾಗರ ಇಲ್ಲ. ನನಗ ಅನಸೂದು ಏನಂದ್ರ, ಇದರಾಗ ಕುರಿ ಕಾಯೋ ಮಂದಿ ಕೈ ಐತಿ."

ಜರೀನಾಬಿ ಪಾದ ತಿಕ್ಕುವುದನ್ನು ನಿಲ್ಲಿಸಿದಳು.

"ಇರಾನದ ಕಡೆ ಗುಡಾರ ಹಾಕ್ಕೊಂಡು ಅಡ್ಡಾಡೋ ಕುರಿಗಾರರು ಇರ್ತಾರಲ್ರಿ, ಅವರು," ಎಂದು ಕುಬೇರಪ್ಪ ಮುಂದುವರಿಸಿದ. "ಕುದುರಿ ವ್ಯಾಪಾರದ ಜೊತಿ ಗೋವಾಕ್ಕ ಇಳದು, ಅಲ್ಲಿಂದ ಘಟ್ಟ ಹತ್ತಿ..."

ಪರದೆಯ ಹಿಂದಿನಿಂದ ನಗು ಸಿಡಿಯಿತು. ಅವನನ್ನು ಹಂಗಿಸುವ ನಗುವಲ್ಲ. ಹಿತ್ತಲ ಗೋಡೆಯ ತನಕ ಬಂದವನು ಅಲ್ಲಿಂದ ಎಗರಿ ಇರಾನಿಗೆ ಹೋಗಿ ಬಿದ್ದನಲ್ಲ ಎಂಬ ನಗು.

"ಇರಾನ್! ಕೇಳಿದ್ಯಾ ಅಮ್ಮಾ?" ಎಂದ ಜರೀನಾಬಿಯ ಅಣ್ಣ ಶರೀಫಸಾಬ. ಸೈಕಲ್ಲಿಗೆ ಜಮಖಾನೆ ಕಟ್ಟಿಕೊಂಡು ಊರೂರು ತಿರುಗಿ ಮಾರುವವನು ಅವನು. ಇರಾನ್ ಎಂಬುದು ಅವನ ಕಿವಿಗೆ ಅತ್ತರಿನ ಹಾಗೆ ಹತ್ತಿತು. "ಇನ್ನ ಮ್ಯಾಲೆ ಸಂತ್ಯಾಗ ಹಂಗ ಕೂಗ್ತೀನಿ, ಇರಾನೀ ಮಾಲು ಅಂತ."

ಖಾಸಿಂಬಿ ನಗಲಿಲ್ಲ. ಫೋಟೋವನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ, ಪರದೆಯ ಕಡೆ ಒಮ್ಮೆ ದೃಷ್ಟಿ ಹಾಯಿಸಿ, "ಇದು ನಮ್ಮ ಮನೀದ," ಎಂದಳು. "ನಮ್ಮ ಅತ್ತಿ ಕೈದು."

ನಗು ನಿಂತಿತು.

"ಖರೇನರೀ?" ಕುಬೇರಪ್ಪ ಜಿಗಿದು ಕೂತ. "ಹಂಗಾದ್ರ ನನ್ನ ಕೆಲಸ ಆತು! ಮುಂದಿನ ತಿಂಗಳ ದೊಡ್ಡ ಪ್ರದರ್ಶನ ಐತ್ರಿ. ಜಮಖಾನಿ ಬಾಜುಕ ನೇಯ್ದವರ ಹೆಸರು, ಮನೀ ಹೆಸರು ಗ್ವಾಡಿ ಮ್ಯಾಲೆ ಬರಸ್ತೀವಿ. ಈಗ ಮಗ್ಗಕ್ಕ ಕೂಡೋರದೊಂದು ಫೋಟೋನೂ ಬೇಕು. ಮತ್ತ ಈ ಕರೀ ಅಂಚು, ಅಮ್ಮಾರ?"

"ಹಿಂದಕಿನವ್ರು ಹಂಗ ಮಾಡ್ತಿದ್ರು," ಎಂದಳು ಖಾಸಿಂಬಿ. "ಜರೀನಾ, ಮೈಲಾರವ್ವನ ಮನೀಗೆ ಹೋಗಿ ಹಾಲು ತೊಗೊಂಡು ಬಾ. ಸಾಹೇಬ್ರಿಗೆ ಚಾ ಮಾಡೂಣು."

ಗಡಿಗೆಯಲ್ಲಿ ಬೆಳಗಿನ ಹಾಲು ಇನ್ನೂ ಇತ್ತು. ಜರೀನಾಬಿಗೆ ಅದು ಗೊತ್ತು, ತಾಯಿಗೂ ಗೊತ್ತು.

ಆ ಓಣಿಯ ನೇಯ್ಗೆಗೆ ಒಂದು ಕಟ್ಟಳೆ. ಮಗ್ಗ ಸೊಸೆಗೆ, ಮಗಳಿಗಲ್ಲ. ಮಗಳು ನಾಳೆ ಇನ್ನೊಬ್ಬರ ಮನೆ ಬೆಳಗುವವಳು. ಹೋಗುವಾಗ ಕೈಯೊಳಗಿನ ವಿದ್ಯೆಯನ್ನೂ ಕಟ್ಟಿಕೊಂಡು ಹೋದರೆ ನವಲಗುಂದದ ಜಮಖಾನೆ ಊರೂರಿನದಾದೀತು ಎಂಬ ಅಂಜಿಕೆ. ಹಾಗಾಗಿ ಮಗಳು ಬಣ್ಣ ಅದ್ದಬೇಕು, ಉಂಡೆ ಸುತ್ತಬೇಕು, ರೊಟ್ಟಿ ಬಡಿಯಬೇಕು. ಮಗ್ಗದ ಕೋಣೆಯ ಹೊಸ್ತಿಲು ದಾಟಬಾರದು. ಮಗ್ಗಕ್ಕೆ ಹೊಸದಾಗಿ ನೂಲಿನ ಹಾಸು ಏರಿಸುವ ದಿನವಂತೂ ಮಗಳನ್ನು ಮನೆಯಿಂದಲೇ ಹೊರಗೆ ಕಳಿಸುತ್ತಿದ್ದರು. ನೇಯ್ಗೆಯ ಗುಟ್ಟೆಲ್ಲ ಆ ಮೊದಲಿನಲ್ಲಿದೆ.

ಆದರೆ ಕೋಣೆಗೆ ಬಾಗಿಲಿದ್ದರೂ ಸಪ್ಪಳಕ್ಕೆ ಬಾಗಿಲಿಲ್ಲ. ನೇಯ್ದ ಎಳೆಯನ್ನು ಬಡಿದು ಕೂಡಿಸುವ ಕಬ್ಬಿಣದ ಹಲ್ಲುಗಳ ಪಂಜಾ ಇಡೀ ದಿನ ಧಡ್ ಧಡ್ ಎನ್ನುತ್ತಿತ್ತು. ಎಳೆ ಎಲ್ಲಿ ತಿರುಗಿತು, ಎಲ್ಲಿ ಬಣ್ಣ ಬದಲಾಯಿತು ಎಂಬುದನ್ನು ಜರೀನಾಬಿ ರೊಟ್ಟಿ ಬಡಿಯುತ್ತಲೇ ಕೇಳುತ್ತಿದ್ದಳು. ಬಾಗಿಲು ಅರೆ ತೆರೆದಾಗ ಕಣ್ಣು ತುಂಬಿಕೊಳ್ಳುತ್ತಿದ್ದಳು. ಮಲಗಿದಾಗ ಕೌದಿಯ ಮೇಲೆ ಬೆರಳುಗಳು ತಾವೇ ನೇಯುತ್ತಿದ್ದವು. ಅಣ್ಣಿಗೇರಿಗೆ ಕೊಟ್ಟರು, ಗಂಡ ಕಾಳಿನ ಲಾರಿಯ ಡ್ರೈವರ್. ಅವನು ದಾರಿಯಲ್ಲೆಲ್ಲೋ ಇನ್ನೊಬ್ಬಳನ್ನು ಮಾಡಿಕೊಂಡ. ಜರೀನಾಬಿ ತವರಿಗೆ ಬಂದಳು. ಹೋಗಿ ಹೊಳ್ಳಿ ಬಂದ ಮಗಳಿಗೆ ಕಟ್ಟಳೆ ಏನು ಎಂದು ಹಿಂದಿನವರು ಹೇಳಿರಲಿಲ್ಲ; ಅಂಥ ಮಗಳೊಬ್ಬಳು ಇರುತ್ತಾಳೆಂದು ಅವರಿಗೆ ಹೊಳೆದಿರಲೇ ಇಲ್ಲ.

"ಈಗರ ಕೂಡಲ್ಯಾ ಅಮ್ಮಾ? ನಾ ಇನ್ನೆಲ್ಲಿಗೆ ಹೋಗಾಕಿ?" ಎಂದು ಕೇಳಿದ್ದಳು.

"ನಾಳೆ ಯಾರರ ಕೇಳಾಕ ಬಂದ್ರ?" ಎಂದಿದ್ದಳು ಖಾಸಿಂಬಿ.

ಆ ನಾಳೆ ಬರಲಿಲ್ಲ, ಹೋಗಲೂ ಇಲ್ಲ. ಮನೆಯಲ್ಲಿ ಕಾಲು ಚಾಚಿ ಕೂತೇ ಇತ್ತು.

ಮೈಲಾರವ್ವನ ಮನೆ ಹಿತ್ತಲ ಗೋಡೆಯಾಚೆ. ಕುರುಬರ ಮುದುಕಿ, ಕುರಿ ಹಟ್ಟಿ, ಒಂದು ಎಮ್ಮೆ. ಜರೀನಾಬಿ ಹೋದಾಗ ಅವಳು ತೊಡೆಯ ಮೇಲೆ ಕದಿರು ತಿರುವುತ್ತ ಉಣ್ಣೆ ನೂಲುತ್ತಿದ್ದಳು.

"ಅತ್ತೀ, ಅದು ಸಿಕ್ತು."

"ಏನ ಸಿಕ್ತವಾ? ಗಂಡ ಸಿಕ್ಕನೇನು?"

"ನಮ್ಮ ಜಮಖಾನಿ. ಮ್ಯೂಸಿಯಮ್ಮಿನ್ಯಾಗ ಗ್ವಾಡಿಗೆ ತೂಗ ಹಾಕಿ ಗಾಜ ಮುಚ್ಯಾರಂತ."

ಮೈಲಾರವ್ವನ ಕದಿರು ನಿಂತಿತು. "ಯಾವುದ? ನಮ್ಮ ಕತ್ತಿ ಮ್ಯಾಲಿಂದು?"

"ಅದ. ಎಪ್ಪತ್ತು ವರ್ಷದ್ದಂತ."

"ಅಯ್ಯ ನನ ಶಿವನ!" ಮುದುಕಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹಲ್ಲಿಲ್ಲದ ಬಾಯಿಯ ತುಂಬ ನಗು. "ಕತ್ತಿ ಉಚ್ಚಿ ವಾಸನಿ ಹೋಗೇತೇನ ಕೇಳಿದ್ಯಾ? ಗಾಜ ಮುಚ್ಯಾರಂದ್ರ ಅದಕ್ಕ ಮುಚ್ಚಿರಬೇಕು!"

ಜರೀನಾಬಿಯೂ ನಕ್ಕಳು. ತವರಿಗೆ ಬಂದ ಮೊದಲ ಚಳಿಗಾಲ ಈ ಹಟ್ಟಿಯ ಮೂಲೆಯಲ್ಲೇ ಇಬ್ಬರೂ ಅದನ್ನು ಮಾಡಿದ್ದರು. ಬಣ್ಣ ಅದ್ದುವಾಗ ಮಿಕ್ಕ ತುಂಡು ನೂಲನ್ನು ಜರೀನಾಬಿ ಸೆರಗಿನಲ್ಲಿ ಕಟ್ಟಿ ತರುತ್ತಿದ್ದಳು. ಅದಕ್ಕೇ ಕೆಂಪು ಒಂದೊಂದು ಕಡೆ ಒಂದೊಂದು ನಮೂನೆ. ಜಾಲಿಯ ಬೊಡ್ಡೆಗಳನ್ನು ಗೋಡೆಗೆ ಆನಿಸಿ ಮಗ್ಗ ನಿಲ್ಲಿಸಿದರು. ನವಿಲು ಗೊತ್ತಿತ್ತು, ಪಗಡೆ ಗೊತ್ತಿತ್ತು. ಶುರು ಮಾಡುವುದು ಮಾತ್ರ ಗೊತ್ತಿರಲಿಲ್ಲ. ಹಾಸಿನ ಎಳೆಗಳು ಜಾರಿ ಜಾರಿ ಬೀಳುತ್ತಿದ್ದವು. ಅಳುತ್ತ ಕೂತವಳನ್ನು ಮೈಲಾರವ್ವ ಬಾಜುಕ ಸರಿಸಿ, ಕಂಬಳಿಗೆ ಮಾಡುವ ಹಾಗೆ ಗೂಟ ನೆಟ್ಟು ಹಾಸು ಹಾಕಿಕೊಟ್ಟಳು. ಕರಿ ಉಣ್ಣೆಯ ಹುರಿ ಹೊಸೆದು ಎಳೆಗಳ ಬುಡ ಬಿಗಿದಳು. "ನಿಮ್ಮವ್ವ ಕಲಸಲಿಲ್ಲಂದ್ರ ನಮ್ಮವ್ವ ಕಲಸ್ಯಾಳ ತೊಗೊ," ಎಂದಿದ್ದಳು.

ಮುಗಿದ ಮೇಲೆ ಅದನ್ನು ಮನೆಗೆ ಒಯ್ಯುವ ಹಾಗಿರಲಿಲ್ಲ. ಹಟ್ಟಿಯಲ್ಲಿ ಹೊಗೆ ತಿಂದಿತು. ಮೈಲಾರವ್ವನ ಮಗ ಕುರಿ ಹೊಡೆದುಕೊಂಡು ಹೋಗುವಾಗ ಕತ್ತೆಯ ಬೆನ್ನಿಗೆ ಅದನ್ನೇ ಹಾಸಿ ಸಾಮಾನು ಹೇರಿದ. ಬಿಸಿಲು, ಕೆಸರು, ಕತ್ತೆಯ ಬೆವರು. ಅಳ್ನಾವರದ ಸ್ಟೇಷನ್ನಿನ ಬಾಜೂ ಯಾವನೋ ನೋಡಿ, ಒಂದು ತಾಡಪಾಲು ಕೊಟ್ಟು ಬದಲಿಗೆ ಬಿಚ್ಚಿಸಿಕೊಂಡು ಹೋದ. ಮಳೆಗಾಲದಲ್ಲಿ ತಾಡಪಾಲು ಉತ್ತಮ ಎಂದು ಮಗ ಖುಷಿಯಾಗಿಯೇ ಬಂದಿದ್ದ. ಜರೀನಾಬಿ ಒಂದು ವಾರ ಉಂಡಿರಲಿಲ್ಲ.

"ಅಮ್ಮ ಅದನ್ನ ನಮ್ಮ ದಾದೀದು, ಅಪ್ಪನ ಅವ್ವಂದು ಅಂತ ಹೇಳಿಬಿಟ್ಲು, ಅತ್ತಿ."

ಮೈಲಾರವ್ವ ಮತ್ತೆ ಕದಿರು ತಿರುವಿದಳು. "ಹೇಳ್ತಾಳವಾ. ಮಗಳು ನೇಯ್ದಾಳ, ಅದೂ ಕುರುಬರ ಹಟ್ಟ್ಯಾಗ ಅಂದ್ರ ನಿಮ್ಮ ಓಣಿ ಮಂದಿ ಆಕಿನ್ನ ಬಿಟ್ಟಾರೇನು? ನೀ ಬೇಕಾರ ಹೇಳ್ಕೊ. ನನ ಹೆಸರು ತಗೀಬ್ಯಾಡ. ನಾಳಿ ನಿಮ್ಮವ್ವ ನನಗ ನಿಮ್ಮ ಬಾವ್ಯಾಗ ಹಗ್ಗ ಬಿಡಗೊಡೂದಿಲ್ಲ." ದನಿ ತಗ್ಗಿಸಿ ಕೇಳಿದಳು: "ಅಂಚು ಬಿಚ್ಚಿಲ್ಲ ಹೌದಿಲ್ಲೋ?"

"ಇಲ್ಲ. ಹಂಗ ಐತಿ."

"ಹ್ಞೂಂ," ಎಂದಳು ಮೈಲಾರವ್ವ, ಬಹಳ ಸಮಾಧಾನದಿಂದ.

ಹಾಲಿನ ಚರಿಗೆ ಹಿಡಿದು ಜರೀನಾಬಿ ಬಿರಬಿರನೆ ಹೊಳ್ಳಿದಳು. ಬಾಗಿಲಲ್ಲಿ ಸರ್ರನೆ ಹಾಲು ಚೆಲ್ಲಿತು. ಪಡಸಾಲೆ ಖಾಲಿ. ಹೆಂಡತಿ ಸೀರೆ ಬದಲಿಸಿ ಮಗ್ಗಕ್ಕೆ ಕೂಡುವ ತನಕ ಸಾಹೇಬರಿಗೆ ಗುಡ್ಡ ತೋರಿಸಿಕೊಂಡು ಬರುತ್ತೇನೆಂದು ಶರೀಫಸಾಬ ಅವನನ್ನು ಕರೆದೊಯ್ದಿದ್ದ. ಯಾವಾಗಲೂ ಮುಚ್ಚಿರುವ ಮಗ್ಗದ ಕೋಣೆಯ ಬಾಗಿಲು ಹಾರುಹೊಡೆದಿತ್ತು.

"ಒಳಗ ಬಾ," ಎಂದಳು ಖಾಸಿಂಬಿ ಒಳಗಿನಿಂದ.

ಜರೀನಾಬಿ ಹೊಸ್ತಿಲಲ್ಲಿ ನಿಂತಳು. ಇಷ್ಟು ವರ್ಷ ಬೇಡಿ ಸಿಗದ ಮಾತು ಇಷ್ಟು ಸರಳವಾಗಿ ಬಂದದ್ದು ನೋಡಿ ಅವಳಿಗೆ ಹೆದರಿಕೆಯಾಯಿತು. ಒಳಗೆ ಮಗ್ಗ ಗೋಡೆಯೆತ್ತರ ನಿಂತಿತ್ತು. ಅದರ ಮುಂದಿನ ಹಲಗೆಯ ಮೇಲೆ ಅತ್ತಿಗೆ ರಹೀಮಾಬಿ ಹೊಸ ಸೀರೆ ಉಟ್ಟು, ಮದುವಣಗಿತ್ತಿಯ ಹಾಗೆ ತಲೆ ತಗ್ಗಿಸಿ ಕೂತಿದ್ದಳು.

"ಅದು ದಾದೀದಲ್ಲ," ಎಂದಳು ಜರೀನಾಬಿ, ಅಲ್ಲಿಂದಲೇ. "ನಾ ನೇಯ್ದದ್ದು."

ತಾಯಿ ಕೂಗಾಡುತ್ತಾಳೆ ಎಂದುಕೊಂಡಿದ್ದಳು. ಸಿಟ್ಟು ಬಂದಾಗ ಖಾಸಿಂಬಿ ಮನೆಯ ಉರ್ದು ಬಿಟ್ಟು ಕನ್ನಡದಲ್ಲಿ ಬೈಯುತ್ತಿದ್ದಳು; ಉರ್ದು ಅಷ್ಟು ಖಾರ ಹಿಡಿಯುವುದಿಲ್ಲ ಎಂಬುದು ಅವಳ ನಂಬಿಕೆ. ಆದರೆ ಈಗ ಕನ್ನಡದಲ್ಲೇ, ಸಿಟ್ಟಿಲ್ಲದೆ ಮಾತಾಡಿದಳು.

"ನನಗ ಗೊತ್ತಿಲ್ಲೇನ? ನವಿಲಿನ ಕುತಗಿ ನೋಡಿದ ಕೂಡ್ಲೆ ಗೊತ್ತಾತು. ನಮ್ಮ ಅತ್ತಿ ನವಿಲು ಮುಂದ ನೋಡ್ತಿದ್ದು. ಹಿಂದಕ ಹೊಳ್ಳಿ ನೋಡೋ ನವಿಲು ನಿಂದು. ಸಣ್ಣಾಕಿದ್ದಾಗ ಇದ್ದಲಿ ತೊಗೊಂಡು ಗ್ವಾಡಿ ತುಂಬ ಬರೀತಿದ್ದಿ. ನಾ ಒರಸ್ತಿದ್ದೆ, ನೀ ಮತ್ತ ಬರೀತಿದ್ದಿ."

ಜಗಳಕ್ಕೆಂದು ಜರೀನಾಬಿ ದಾರಿಯುದ್ದ ಕಟ್ಟಿಕೊಂಡು ಬಂದ ಮಾತುಗಳೆಲ್ಲ ಬಾಯಲ್ಲೇ ಕರಗಿದವು.

"ಹಾಸು ಯಾರ ಹಾಕಿಕೊಟ್ರು? ಆ ಮುದುಕಿ ಹೌದಿಲ್ಲೋ? ನಾ ಅಂಚು ನೋಡೀನಿ, ಕುರುಬರ ಕಂಬಳಿ ಅಂಚು." ಖಾಸಿಂಬಿ ಹಣೆ ಒತ್ತಿಕೊಂಡಳು. "ಯಾ ಅಲ್ಲಾ. ನನ್ನ ಹೊಟ್ಯಾಗ ಹುಟ್ಟಿದಾಕಿ ಕುರಿ ಹಟ್ಟ್ಯಾಗ ಕೂತು ನೇಯ್ದು..." ಮಾತು ಮುರಿದು, ಬೇರೆ ದನಿಯಲ್ಲಿ ಹೇಳಿದಳು: "ಚಲೋ ನೇಯ್ದಿ. ನನ್ನ ಕೈಲೂ ಅಷ್ಟು ಬಿಗಿ ಬಂದಿಲ್ಲ."

ಈ ಒಂದು ಮಾತಿಗಾಗಿ ಜರೀನಾಬಿ ಏನು ಬೇಕಾದರೂ ಕೊಡುತ್ತಿದ್ದ ಕಾಲವಿತ್ತು. ಈಗಲೂ ಕಣ್ಣು ತುಂಬಿತು. ತನಗೆ ಗೊತ್ತಾಗದ ಹಾಗೆ ಅವಳು ಹೊಸ್ತಿಲು ದಾಟಿದ್ದಳು. ಹಾಸಿನ ಬಿಗಿದ ಎಳೆಗಳ ಮೇಲೆ ಬೆರಳು ಎಳೆದಳು. ಅವು ಮಳೆಗೆ ಮುಂಚಿನ ಗಾಳಿಗೆ ಕರೆಂಟಿನ ತಂತಿಯ ಹಾಗೆ ಗುಂಯ್ ಎಂದವು.

"ಹಂಗಾದ್ರ ಸಾಹೇಬ್ರಿಗೆ ಅದನ್ನ ಹೇಳೂಣಲ್ಲ?" ಎಂದಳು.

ಉತ್ತರ ಕೊಟ್ಟವಳು ರಹೀಮಾಬಿ. ತಗ್ಗಿಸಿದ ತಲೆ ಎತ್ತದೆಯೇ ಮಾತಾಡಿದಳು. "ನೀವು ಹೇಳ್ರಿ, ನಿಮ್ಮ ಕೈದು ನೀವು ಹೇಳ್ಕೊರಿ. ಆದ್ರ ನನ್ನ ಮಾತೂ ಒಂದು ಕೇಳ್ರಿ. ಗದಗಿಂದ ಬಂದಾಗ ನನಗ ನೂಲಿನ ತುದಿ ಯಾವುದು, ಬುಡ ಯಾವುದು ಗೊತ್ತಿರಲಿಲ್ಲ. ಪಂಜಾ ಬಡದು ಬಡದು ಅಂಗೈ ಗುಳ್ಳಿ ಎದ್ದು, ಆ ಕೈಲೆ ತುತ್ತು ಎತ್ತಾಕ ಬರ್ತಿರಲಿಲ್ಲ. ಈ ಮನ್ಯಾಗ ನಂದು ಅನ್ನೂದು ಈ ಹಲಗಿ ಒಂದ. ಮಗಳು ತಾನ ತಾನ ಕಲತು ನಮಗಿಂತ ಚಲೋ ನೇಯ್ದಾಳ ಅಂತ ಗ್ವಾಡಿ ಮ್ಯಾಲೆ ಬರದ್ರ, ಓಣ್ಯಾಗಿನ ಸೊಸ್ತ್ಯಾರೆಲ್ಲಾ ಯಾರಿಗೆ ಬೇಕ್ರಿ?"

"ಭಾಭಿ, ನಿಮ್ಮ ಹಲಗಿ ನಾ ಕಸೀತೀನೇನು?"

"ಕಸೀಬ್ಯಾಡ್ರಿ. ಬಾಜುಕ ಕೂಡ್ರಿ." ಎನ್ನುತ್ತ ರಹೀಮಾಬಿ ಸರಿದು, ಹಲಗೆಯ ಅರ್ಧ ಬಿಟ್ಟುಕೊಟ್ಟಳು. ಇದು ಅತ್ತೆ ಸೊಸೆ ಮೊದಲೇ ಮಾತಾಡಿಕೊಂಡದ್ದೆಂದು ಜರೀನಾಬಿಗೆ ಆಗ ತಿಳಿಯಿತು.

ಖಾಸಿಂಬಿ ಮಗಳ ಮುಂಗೈ ಹಿಡಿದಳು. ಹಿಡಿತ ಮೆತ್ತಗಿತ್ತು, ಅವಸರದ್ದೂ ಆಗಿತ್ತು. "ಕೇಳಿಲ್ಲಿ. ನಾಳಿಂದ ನೀ ಇಲ್ಲಿ ಕೂಡು. ಹಾಸು ಏರಸೂದು ನಾನ ಕಲಸ್ತೀನಿ. ಓಣಿ ಮಂದಿ ಕೇಳಿದ್ರ ನಾ ಉತ್ತರಾ ಕೊಡ್ತೀನಿ. ಗಂಡ ಬಿಟ್ಟಾಕಿ, ಇನ್ನೆಲ್ಲಿಗೂ ಹೋಗಾಕಿ ಅಲ್ಲ, ಹೊಟ್ಟೀಗೆ ದಾರಿ ಬೇಕಲ್ಲ ಅಂತೀನಿ. ಅಷ್ಟಕ್ಕ ಸುಮ್ಮಾಗ್ತಾರ. ಆದ್ರ ಕದ್ದು ಕಲತಾಳ, ಹಟ್ಟ್ಯಾಗ ಕೂತು ಕುರುಬರಾಕಿ ಕೈಲೆ ಹಾಸು ಹಾಕಿಸ್ಯಾಳ ಅಂದ್ರ ಸುಮ್ಮಾಗೂದಿಲ್ಲ. ನಮ್ಮ ಮನೀ ನೂಲು ಯಾರೂ ಮುಟ್ಟೂದಿಲ್ಲ. ಆ ಜಮಖಾನಿ ನಿನ್ನ ದಾದೀದು ಆಗಲಿ. ಸತ್ತಾಕಿ, ಎದ್ದು ಬಂದು ಅಲ್ಲ ಅಂತಾಳೇನು? ಸಾಹೇಬ್ರೂ ಎಪ್ಪತ್ತು ವರ್ಷದ್ದು ಅಂತಾರ, ಅವರ ಮಾತೂ ಉಳೀತೈತಿ. ನೀ ಒಂದು ಹ್ಞೂಂ ಅಂದ್ರ ಎಲ್ಲಾರದೂ ಸರಿ ಹೊಂದತೈತಿ."

ಸರಿ ಹೊಂದುತ್ತದೆ, ಅದು ಜರೀನಾಬಿಗೂ ಕಾಣುತ್ತಿತ್ತು. ಹಲಗೆಯ ಖಾಲಿ ಅರ್ಧ ಅವಳ ಮೊಣಕಾಲಿಗೆ ತಾಗುವಷ್ಟು ಹತ್ತಿರವಿತ್ತು. ಕೂತುಬಿಟ್ಟರೆ ಮುಗಿಯಿತು. ಬೆರಳುಗಳು ಸೆರಗಿನ ಅಂಚನ್ನು ನೇಯತೊಡಗಿದ್ದವು. ನಾಳೆ ಪಂಜಾ, ನಾಡಿದ್ದು ಹೊಸ ಹಾಸು, ಆಮೇಲೆ ಜೀವ ಇರುವ ತನಕ ನೇಯ್ಗೆ. ಇನ್ನೇನು ಬೇಕು? ಆದರೆ ಅವಳ ಕಣ್ಣ ಮುಂದೆ ಗಾಜಿನ ಹಿಂದಿನ ಗೋಡೆ ಬಂತು, ಅದರ ಮೇಲೆ ದಾದಿಯ ಹೆಸರು. ಹಟ್ಟಿಯ ಮೂಲೆಯಲ್ಲಿ ಜಾರಿ ಬೀಳುತ್ತಿದ್ದ ಎಳೆಗಳನ್ನು ದಾದಿ ಹಿಡಿದಿರಲಿಲ್ಲ. ಆ ಚಳಿಗಾಲದಲ್ಲಿ ಬದುಕಿದ್ದವಳು ತಾನು. ಅದೊಂದು ಚಳಿಗಾಲ ಬಿಟ್ಟರೆ ತಾನು ಬದುಕಿದ್ದೆನೆಂದು ತೋರಿಸಲು ಅವಳ ಹತ್ತಿರ ಬೇರೆ ಏನೂ ಇರಲಿಲ್ಲ.

ಹೊರಗೆ ಚಪ್ಪಲಿಯ ಸಪ್ಪಳ. ಶರೀಫಸಾಬನ ಕೆಮ್ಮು. "ಅಮ್ಮಾರ," ಎಂದು ಕುಬೇರಪ್ಪ ಪಡಸಾಲೆಯಿಂದ ಕೂಗಿದ, "ಬಸ್ಸಿಗೆ ಹೊತ್ತಾತ್ರಿ. ಕೂತ್ರೇನು ಮಗ್ಗಕ್ಕ? ನೇಯ್ದವರ ಹೆಸರು ಏನಂತ ಬರಕೊಳ್ಳಲ್ರಿ?"

"ಬಂದೆವ್ರಿ ಸಾಹೇಬ್ರ, ಒಂದ ನಿಮಿಷ," ಎಂದಳು ಖಾಸಿಂಬಿ. ಮಗಳ ಮುಂಗೈಯನ್ನು ಇನ್ನೂ ಬಿಗಿಯಾಗಿ ಹಿಡಿದು, ಪಿಸುಗುಟ್ಟಿದಳು. "ಹ್ಞೂಂ ಅನ್ನ ಬೇ."

"ಒಲ್ಲೆ."

"ಏನ ಒಲ್ಲಿ? ಇಷ್ಟು ವರ್ಷ ಮಗ್ಗಾ ಮಗ್ಗಾ ಅಂತ ನನ್ನ ಜೀವಾ ತಿಂದಿ. ಈಗ ಮಗ್ಗಾ ಒಲ್ಲೇನು?"

ಜರೀನಾಬಿ ಕೈ ಬಿಡಿಸಿಕೊಂಡಳು.

"ಅದನ್ನ ದಾದೀಗೆ ಕೊಟ್ಟು ಸಿಗೋ ಮಗ್ಗಾನೂ ಒಲ್ಲೆ," ಎಂದಳು.